ಖಿನ್ನತೆ: ಕರಿಪಿತ್ತದಿಂದ ಮಾತಿನ ಮದ್ದಿನವರೆಗೆ

ಕೆಲವು ವರ್ಷಗಳ ಹಿಂದೆ ಕಾಸರಗೋಡು ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ, ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇವೆ.) ಚೆಂಡೆಯಲ್ಲಿ ಒಳ್ಳೆಯ ಕೈ. ವಾರ್ಷಿಕೋತ್ಸವದ ಯಕ್ಷಗಾನಕ್ಕೆ ಅವನು ಬೇಕೇ ಬೇಕು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದ. ಆಮೇಲೆ ಕೊನೆಯ ಬೆಂಚಿಗೆ ಹೋದ. ಹೋಂವರ್ಕ್ ಇಲ್ಲ, ಪ್ರಶ್ನೆ ಕೇಳಿದರೆ ಉತ್ತರವಿಲ್ಲ, ವಾರಕ್ಕೆ ಎರಡು ದಿನ ಹೊಟ್ಟೆನೋವೆಂದು ರಜೆ. ನಾವು ಅಧ್ಯಾಪಕರು ಏನು ಮಾಡಿದೆವು? ಬೈದೆವು. "ನಿನಗೆ ಉದಾಸೀನ" ಎಂದು ಎಲ್ಲರ ಎದುರಿಗೇ ಹೇಳಿದೆವು.

ಒಂದು ದಿನ ಅವನ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮಾಷ್ಟ್ರೇ, ಅವನಿಗೆ ಉದಾಸೀನ ಅಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಕೂತಿರ್ತಾನೆ. ಊಟ ಸೇರುವುದಿಲ್ಲ. ಚೆಂಡೆ ಮುಟ್ಟಿ ಎರಡು ತಿಂಗಳಾಯ್ತು" ಎಂದರು. ನಮಗೆ ಮುಖ ಎತ್ತಲು ಆಗಲಿಲ್ಲ. ಆಸ್ಪತ್ರೆಗೂ ಹೋಗಿ ಬಂದಿದ್ದರಂತೆ. ಡಾಕ್ಟರು ಸಮಾಧಾನದಿಂದಲೇ ಕೇಳಿದರಂತೆ, ಆದರೆ ಮಲಯಾಳದಲ್ಲಿ. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು, ಬಸ್ಸಿನಲ್ಲಿ ಟಿಕೆಟ್ ತೆಗೆಯುವಷ್ಟು ಮಲಯಾಳ ಹುಡುಗನಿಗೂ ಬರುತ್ತಿತ್ತು. ಎದೆಯೊಳಗಿನದನ್ನು ಹೇಳುವಷ್ಟು ಬರುತ್ತಿರಲಿಲ್ಲ. ನಡುವೆ ಕೂತು ಎರಡೂ ಕಡೆಯ ಮಾತು ತಿಳಿಸಿದ್ದು ಅವನ ಸೋದರಮಾವ. ಮಾವನ ಎದುರು ಹದಿನಾಲ್ಕು ವರ್ಷದ ಹುಡುಗ ಏನು ಹೇಳಿಯಾನು? "ಹೊಟ್ಟೆನೋವು" ಎಂದಷ್ಟೇ ಹೇಳಿ ಬಂದಿದ್ದ.

ಆಗಿನಿಂದ ನಾವು ಕೆಲವರು ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇವೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಯಿತು. ಈ ಕಾಯಿಲೆ ಹಳೆಯದು, ಅದಕ್ಕೆ ಜನ ಕೊಟ್ಟ ಹೆಸರುಗಳು ಹಲವು. ಯಾವ ಕಾಲದಲ್ಲಿ ಯಾವ ಹೆಸರು ಕೊಟ್ಟರೋ ಅದಕ್ಕೆ ತಕ್ಕ ಚಿಕಿತ್ಸೆ ಸಿಕ್ಕಿತು. "ಉದಾಸೀನ" ಎಂದು ನಾವು ಹೆಸರಿಟ್ಟೆವು, ಹುಡುಗನಿಗೆ ಬೈಗುಳ ಸಿಕ್ಕಿತು. ಆ ಹೆಸರುಗಳ ಚರಿತ್ರೆಯನ್ನು ಇಲ್ಲಿ ಚಿಕ್ಕದಾಗಿ ಬರೆದಿದ್ದೇವೆ.

ಕರಿಪಿತ್ತದ ಕಾಲ

ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ವೈದ್ಯ ಹಿಪ್ಪೊಕ್ರೆಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಈ ಸ್ಥಿತಿಯ ವರ್ಣನೆ ಇದೆ. ಭಯ ಮತ್ತು ಕುಗ್ಗಿದ ಮನಸ್ಸು ಬಹಳ ಕಾಲ ಉಳಿದರೆ ಅದು ಮೆಲಾಂಕೋಲಿಯಾ ಎಂದು ಅವರು ತಿಳಿದಿದ್ದರು. ಆ ಶಬ್ದದ ಅರ್ಥ ಕರಿಪಿತ್ತ. ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕರಿ ಪಿತ್ತ ಎಂಬ ನಾಲ್ಕು ರಸಗಳಿವೆ, ಅವುಗಳಲ್ಲಿ ಕರಿಪಿತ್ತ ಹೆಚ್ಚಾದರೆ ಮನಸ್ಸು ಕಪ್ಪಾಗುತ್ತದೆ ಎಂಬುದು ಅವರ ಲೆಕ್ಕ. ಹಾಗಾಗಿ ಚಿಕಿತ್ಸೆಯೂ ಭೇದಿ, ಪಥ್ಯ, ರಕ್ತ ತೆಗೆಯುವುದು ಹೀಗೆ. ಕರಿಪಿತ್ತ ಎಂಬ ರಸ ನಮ್ಮ ದೇಹದಲ್ಲಿ ಇಲ್ಲವೇ ಇಲ್ಲ. ಆದರೂ ಆ ಲೆಕ್ಕದಿಂದ ಒಂದು ಉಪಕಾರವಾಯಿತು. ಇದು ದೇವರ ಶಾಪ ಎನ್ನುವ ಬದಲು ಇದೊಂದು ಕಾಯಿಲೆ, ವೈದ್ಯರು ನೋಡಬೇಕಾದದ್ದು ಎಂದು ಅವರು ಹೇಳಿದರು.

ಇನ್ನೊಬ್ಬರ ಹೆಸರು ನಮ್ಮ ಪಾಠಪುಸ್ತಕಗಳಲ್ಲಿ ಬರುವುದಿಲ್ಲ. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಕಡೆಯ ವಿದ್ವಾಂಸ ಅಬು ಜೈದ್ ಅಲ್ ಬಲ್ಖಿ. 9-10ನೆಯ ಶತಮಾನದವರು. ದೇಹದ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಅರಬ್ಬಿಯಲ್ಲಿ ಬರೆದ ಪುಸ್ತಕದಲ್ಲಿ ಅವರು ದುಃಖವನ್ನು ಎರಡಾಗಿ ವಿಂಗಡಿಸಿದರು. ಒಂದು, ಕಾರಣ ಗೊತ್ತಿರುವ ದುಃಖ. ಪ್ರೀತಿಯವರು ತೀರಿಹೋದರು, ಆಸ್ತಿ ಹೋಯಿತು ಎಂಬಂಥದ್ದು. ಇನ್ನೊಂದು, ಕಾರಣವೇ ಕಾಣದೆ ಬಂದು ಕವಿಯುವ ದುಃಖ. ಮನೆಯಲ್ಲಿ ಮದ್ದು ಮೊದಲೇ ಇಟ್ಟುಕೊಳ್ಳುವ ಹಾಗೆ, ಮನಸ್ಸು ನೆಟ್ಟಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟು ಕಷ್ಟಕಾಲದಲ್ಲಿ ಬಳಸಬೇಕು ಎಂದೂ ಹೇಳಿದರು. ಇದು ಸಾವಿರ ವರ್ಷ ಹಿಂದಿನ ಮಾತು!

ನಮ್ಮ ಕಡೆಯ ಮಾತು

ನಮ್ಮಲ್ಲಿ ಇದಕ್ಕೆ ಶಬ್ದವಿರಲಿಲ್ಲವೇ? ಇತ್ತು. ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನ ವಿಷಾದಯೋಗ. ಕೈಕಾಲು ಸೋಲುವುದು, ಬಾಯಿ ಒಣಗುವುದು, ಗಾಂಡೀವ ಜಾರುವುದು, ನಿಲ್ಲಲಾಗದೆ ತಲೆ ಸುತ್ತುವುದು ಎಲ್ಲವೂ ಅಲ್ಲಿದೆ. ಅರ್ಜುನನಿಗೆ ಆದದ್ದನ್ನು ಇಂದಿನ ಅರ್ಥದ ಖಿನ್ನತೆ ಎಂದು ಹೇಳಲಾಗದು. ಅದು ಒಂದು ಗಳಿಗೆಯ ತಳಮಳ. ಆದರೆ ಮನಸ್ಸಿನ ಸಂಕಟ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಅವನ ಮಾತನ್ನು ಮೊದಲು ಪೂರ್ತಿ ಹೇಳಲು ಬಿಟ್ಟು, ಆಮೇಲೆ ಎದುರಿದ್ದವನು ಬಾಯಿ ತೆರೆಯುತ್ತಾನೆ ಎಂಬುದನ್ನೂ ಗಮನಿಸಿ.

ಚರಕ ಸಂಹಿತೆ ಇನ್ನೂ ನೇರ. ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲಿ ವಿಷಾದವೇ ಮೊದಲನೆಯದು ಎಂದು ಅದು ಎಣಿಸುತ್ತದೆ. ಚಿಕಿತ್ಸೆಯನ್ನು ಮೂರು ಬಗೆಯೆನ್ನುತ್ತದೆ: ದೈವವನ್ನು ನಂಬಿ ಮಾಡುವ ದೈವವ್ಯಪಾಶ್ರಯ, ಆಹಾರ-ಔಷಧಿಗಳ ಯುಕ್ತಿವ್ಯಪಾಶ್ರಯ, ಮತ್ತು ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ಎಳೆಯುವ ಸತ್ತ್ವಾವಜಯ. ಮೂರನೆಯದಕ್ಕೆ ಮದ್ದಿಲ್ಲ, ಮಂತ್ರವಿಲ್ಲ. ಮನಸ್ಸಿನ ಜೊತೆಗೇ ಕೆಲಸ. ಇಂದಿನ ಮನೋಚಿಕಿತ್ಸೆಗೆ ಹತ್ತಿರದ ಕಲ್ಪನೆ ಅದು.

"ಕರಿಯರಿಗೆ ಬರುವುದಿಲ್ಲ"

19ನೆಯ ಶತಮಾನದ ಕೊನೆಗೆ ಜರ್ಮನಿಯ ಎಮಿಲ್ ಕ್ರೆಪೆಲಿನ್ ಮನೋರೋಗಗಳನ್ನು ಕ್ರಮವಾಗಿ ವಿಂಗಡಿಸಿದರು. 1904ರಲ್ಲಿ ಅವರು ಜಾವಾ ದ್ವೀಪಕ್ಕೆ ಹೋಗಿ ಅಲ್ಲಿನ ರೋಗಿಗಳನ್ನು ನೋಡಿ, ಯುರೋಪಿನಂಥ ಖಿನ್ನತೆ ಇಲ್ಲಿ ಅಪರೂಪ ಎಂಬ ತೀರ್ಮಾನಕ್ಕೆ ಬಂದರು. ವಸಾಹತು ಕಾಲದ ಬಹಳ ವೈದ್ಯರು ಇದನ್ನೇ ಹೇಳುತ್ತಾ ಹೋದರು. ಏಷ್ಯಾ, ಆಫ್ರಿಕಾದವರಿಗೆ ಖಿನ್ನತೆ ಬರುವುದು ಕಡಿಮೆ, ಅಷ್ಟು ಸೂಕ್ಷ್ಮ ಮನಸ್ಸು ಅವರಿಗಿಲ್ಲ ಎಂಬ ಧಾಟಿ.

ತಪ್ಪು ಎಲ್ಲಾಯಿತು? ಆಸ್ಪತ್ರೆಗೆ ಬಂದ ನಮ್ಮವರು "ನನಗೆ ದುಃಖ" ಎನ್ನುತ್ತಿರಲಿಲ್ಲ. "ಮೈಕೈ ನೋವು", "ಎದೆ ಭಾರ", "ತಲೆಯಲ್ಲಿ ಏನೋ ಉರಿ", "ನಿದ್ದೆ ಇಲ್ಲ" ಎನ್ನುತ್ತಿದ್ದರು. ಕೇಳುವವನಿಗೆ ಭಾಷೆ ಗೊತ್ತಿರಲಿಲ್ಲ, ಹೇಳುವವನಿಗೆ ಕೇಳುವವನ ಶಬ್ದ ಗೊತ್ತಿರಲಿಲ್ಲ. ನಮ್ಮ ಹುಡುಗನ ಹೊಟ್ಟೆನೋವಿನ ಕಥೆಯೂ ಅದೇ ಅಲ್ಲವೇ?

ಆ ನಂಬಿಕೆ ಎಷ್ಟು ಟೊಳ್ಳು ಎಂದು ತೋರಿಸಿದ ಅಧ್ಯಯನಗಳಲ್ಲಿ ಒಂದು ನಮ್ಮ ಕರಾವಳಿಯಲ್ಲೇ ನಡೆಯಿತು. ಉಡುಪಿಯ ಆಚೆಗಿನ ಕೋಟದಲ್ಲಿ. 1956ರ ನವೆಂಬರ್ 1ರವರೆಗೆ ಕೋಟವೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳು. ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಿಗೆ ಹೋಗಿ ಜನರ ಮನಸ್ಸಿನ ಕಷ್ಟಗಳನ್ನು ವಿಚಾರಿಸಿ, 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಪುಸ್ತಕ ಹೊರತಂದರು. ಹಳ್ಳಿಯಲ್ಲಿ ಮನೋವ್ಯಥೆ ಧಾರಾಳವಾಗಿತ್ತು. ಜನ ಅದನ್ನು ಹೊತ್ತು ವೈದ್ಯರು, ಮಂತ್ರವಾದಿಗಳು, ದರ್ಶನ ಬರುವ ಪಾತ್ರಿಗಳು ಎಂಬ ಮೂರು ಬಗೆಯವರ ಬಳಿಗೆ ಹೋಗುತ್ತಿದ್ದರು. ಇಂಗ್ಲಿಷ್ ಮದ್ದಿನ ಡಾಕ್ಟರರ ಬಳಿಗೂ ಹೋಗುತ್ತಿದ್ದರು, ಎರಡರಲ್ಲೂ ವಿರೋಧ ಕಾಣುತ್ತಿರಲಿಲ್ಲ. ಕಪೂರರು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಿಲ್ಲ. ಜನರ ಭಾಷೆಯಲ್ಲಿ ಮಾತಾಡಿ, ಮನೆಯವರನ್ನೂ ಕೂರಿಸಿಕೊಂಡು ಕೇಳುವವರು ಊರಲ್ಲಿ ಅವರೇ ಆಗಿದ್ದರು.

ಭೂತದ ಎದುರು ಕೈಮುಗಿದು ಮನೆಯ ಕಷ್ಟ ಹೇಳಿಕೊಂಡು ಹಗುರಾಗಿ ಬರುವವರನ್ನು ನಾವೂ ನೋಡಿದ್ದೇವೆ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ವಾರಗಟ್ಟಲೆ ನಿದ್ದೆ, ಊಟ ಬಿಟ್ಟ ಮಗುವನ್ನು ಬರೀ ನೂಲು ಕಟ್ಟಿಸಿ ಮನೆಯಲ್ಲಿ ಕೂರಿಸುವುದು ಸರಿಯಲ್ಲ.

ಮಾತು ಮದ್ದಾದ ಬಗೆ

1880ರ ಹೊತ್ತಿಗೆ ವಿಯೆನ್ನಾದಲ್ಲಿ ಜೋಸೆಫ್ ಬ್ರೂಯರ್ ಎಂಬ ವೈದ್ಯರ ಬಳಿ ಬಂದ ಒಬ್ಬ ತರುಣಿ, ತನ್ನ ಕಷ್ಟಗಳನ್ನು ಹೇಳುತ್ತಾ ಹೋದಂತೆ ಹಗುರಾದಳು. ಇದನ್ನು ಮಾತಿನ ಚಿಕಿತ್ಸೆ ಎಂದು ಕರೆದದ್ದೂ ಅವಳೇ. ಬ್ರೂಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಅದನ್ನು ಪುಸ್ತಕದಲ್ಲಿ ಬರೆದರು. 1917ರಲ್ಲಿ ಫ್ರಾಯ್ಡ್ ಒಂದು ಪ್ರಬಂಧದಲ್ಲಿ ಶೋಕ ಮತ್ತು ಖಿನ್ನತೆಗಳನ್ನು ಹೋಲಿಸಿದರು. ಶೋಕದಲ್ಲಿರುವವನಿಗೆ ಲೋಕ ಬರಿದಾಗಿ ಕಾಣುತ್ತದೆ, ಖಿನ್ನತೆಯಲ್ಲಿರುವವನಿಗೆ ತಾನೇ ಬರಿದಾದ ಹಾಗೆ ಅನಿಸುತ್ತದೆ ಎಂಬುದು ಅವರ ವಿಚಾರದ ಸಾರ. ಐದು ವರ್ಷ ಕಳೆದು, 1922ರಲ್ಲಿ, ಕಲ್ಕತ್ತದ ಗಿರೀಂದ್ರಶೇಖರ ಬೋಸ್ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದರು. ಫ್ರಾಯ್ಡರ ಜೊತೆ ಪತ್ರವ್ಯವಹಾರ ಮಾಡುತ್ತಲೇ ಕೆಲವು ವಿಷಯಗಳಲ್ಲಿ ನಿಮ್ಮ ಮಾತು ನಮ್ಮವರಿಗೆ ಹೊಂದುವುದಿಲ್ಲ ಎಂದು ವಾದಿಸಿದವರು ಅವರು.

ಈ ಚರಿತ್ರೆಯ ದೊಡ್ಡ ತಿರುವು ಅಮೆರಿಕದ ಆರನ್ ಬೆಕ್ (1921-2021). ಅವರೂ ಫ್ರಾಯ್ಡ್ ಪದ್ಧತಿಯಲ್ಲೇ ತಯಾರಾದವರು. ಒಳಗೆ ತಿರುಗಿದ ಸಿಟ್ಟೇ ಖಿನ್ನತೆ ಎಂಬ ಅಲ್ಲಿನ ಸಿದ್ಧಾಂತವನ್ನು ಸಾಬೀತು ಮಾಡಲು ಹೊರಟು, ರೋಗಿಗಳ ಕನಸುಗಳನ್ನು ಪರೀಕ್ಷಿಸಿದರು. ಸಿಟ್ಟು ಸಿಗಲಿಲ್ಲ. ಸೋಲು, ನಷ್ಟ, ನಿರಾಸೆ ಸಿಕ್ಕಿತು. ಎಚ್ಚರದಲ್ಲೂ ಅವರ ತಲೆಯಲ್ಲಿ ತಾನಾಗಿಯೇ ಹರಿದು ಬರುವ ಯೋಚನೆಗಳು ಅಂಥವೇ ಎಂದು ಬೆಕ್ ಗಮನಿಸಿದರು: ನಾನು ಅಪ್ರಯೋಜಕ, ಲೋಕ ನನ್ನ ವಿರುದ್ಧ, ಮುಂದೆ ಏನೂ ಸರಿಯಾಗುವುದಿಲ್ಲ. 1977ರಲ್ಲಿ ಅವರ ತಂಡ ಈ ಯೋಚನೆಗಳ ಮೇಲೆ ಮಾಡುವ ಚಿಕಿತ್ಸೆಯನ್ನು ಇಮಿಪ್ರಮಿನ್ ಎಂಬ ಮಾತ್ರೆಯ ಜೊತೆ ಹೋಲಿಸಿ ನೋಡಿತು. ಮಾತಿನ ಚಿಕಿತ್ಸೆ ಹಿಂದೆ ಬೀಳಲಿಲ್ಲ. ಅಲ್ಲಿಂದ ಮುಂದೆ ಮಾತನ್ನೂ ಮದ್ದಿನ ಹಾಗೆಯೇ ಪರೀಕ್ಷಿಸಿ ನೋಡುವ ಕಾಲ ಬಂತು.

ಮಾತಿನಿಂದ ಕಾಯಿಲೆ ಹೇಗೆ ಗುಣವಾಗುತ್ತದೆ ಎಂದು ಬಹಳ ಹೆತ್ತವರು ಕೇಳುತ್ತಾರೆ. ಒಂದು ಉದಾಹರಣೆ ನೋಡೋಣ. ಪರೀಕ್ಷೆಯಲ್ಲಿ ಹುಡುಗಿಗೆ ನೂರಕ್ಕೆ ನಲವತ್ತು ಬಂತು. "ನಾನು ದಡ್ಡಿ" ಎಂಬ ಯೋಚನೆ ಬರುತ್ತದೆ. ಅದರಿಂದ ದುಃಖ, ದುಃಖದಿಂದ ಓದಲು ಮನಸ್ಸಿಲ್ಲ. ಗೆಳತಿಯರನ್ನು ಬಿಟ್ಟು ಒಬ್ಬಳೇ ಕೂರುತ್ತಾಳೆ. ಓದದ ಕಾರಣ ಮುಂದಿನ ಪರೀಕ್ಷೆಯಲ್ಲಿ ಮೂವತ್ತು. "ನೋಡು, ನಾನು ದಡ್ಡಿಯೇ" ಎಂದು ಯೋಚನೆ ಗಟ್ಟಿಯಾಗುತ್ತದೆ. ಗಾಣದೆತ್ತಿನ ಹಾಗೆ ಸುತ್ತು. ಚಿಕಿತ್ಸಕರು ಈ ಸುತ್ತನ್ನು ಅವಳಿಗೇ ಕಾಣುವಂತೆ ಮಾಡುತ್ತಾರೆ. ಕಾಗದದಲ್ಲಿ ಬರೆಸುತ್ತಾರೆ. ಆ ಯೋಚನೆಗೆ ಸಾಕ್ಷಿ ಏನು, ವಿರುದ್ಧ ಸಾಕ್ಷಿ ಏನು, ಗೆಳತಿಗೆ ನಲವತ್ತು ಬಂದಿದ್ದರೆ ಅವಳನ್ನೂ ದಡ್ಡಿ ಎನ್ನುತ್ತಿದ್ದೆಯಾ ಎಂದು ಕೇಳುತ್ತಾರೆ.

ಇನ್ನೊಂದು ದಾರಿ ಇನ್ನೂ ಸರಳ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯುವ ಬದಲು ಮೊದಲು ಸಣ್ಣ ಕೆಲಸ ಮಾಡುವುದು. ಬೆಳಿಗ್ಗೆ ಎದ್ದು ಅಂಗಳದವರೆಗೆ ನಡೆಯುವುದು, ಒಬ್ಬ ಗೆಳೆಯನಿಗೆ ಫೋನು ಮಾಡುವುದು, ಹಿಂದೆ ಇಷ್ಟವಿದ್ದುದನ್ನು ಹತ್ತು ನಿಮಿಷ ಮಾಡುವುದು. ಖಿನ್ನತೆ ಇರುವವರಿಗೆ ಇದೂ ಬೆಟ್ಟ ಹತ್ತಿದಷ್ಟು ಕಷ್ಟ. ಆದ್ದರಿಂದ ಕೆಲಸವನ್ನು ಚೂರು ಚೂರು ಮಾಡಿ, ವಾರವಾರ ಜೊತೆಗೆ ಕೂತು ಲೆಕ್ಕ ನೋಡುವವರು ಬೇಕು. "ಧೈರ್ಯ ತೆಗೆದುಕೋ", "ನಿನಗಿಂತ ಕಷ್ಟದವರನ್ನು ನೋಡು" ಎನ್ನುವುದು ಬುದ್ಧಿಮಾತು, ಚಿಕಿತ್ಸೆಯಲ್ಲ. ತೀವ್ರ ಖಿನ್ನತೆಗೆ ಮಾತ್ರೆಯೂ ಬೇಕಾಗುತ್ತದೆ, ಮಾತ್ರೆ ಮತ್ತು ಮಾತು ಎರಡೂ ಸೇರಿದರೆ ಹೆಚ್ಚು ಪ್ರಯೋಜನ. ಅದನ್ನು ಡಾಕ್ಟರು ನಿರ್ಧರಿಸಬೇಕು, ನಾವಲ್ಲ.

ಕನ್ನಡಕ್ಕೆ ಬಂದ ಮನಸ್ಸಿನ ಶಾಸ್ತ್ರ

ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಎಂಬ ಹೊಸ ಹೆಸರು ಬಂತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಹುಚ್ಚಾಸ್ಪತ್ರೆ, ಮಾನಸಿಕ ಆಸ್ಪತ್ರೆ, ಮಾನಸಿಕ ಆರೋಗ್ಯ... ಹೆಸರು ಹೇಗೆ ಬದಲಾಯಿತು ನೋಡಿ.

ಆ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಿದವರನ್ನೂ ನೆನೆಯಬೇಕು. 'ಕೊರವಂಜಿ' ಪತ್ರಿಕೆಯ ರಾ.ಶಿ. ಎಂದರೆ ನಗೆಬರಹ ನೆನಪಾಗುತ್ತದೆ. ಅವರು ಡಾ. ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೋಟದ ಪುಸ್ತಕವೂ ಅದೇ ವರ್ಷದ್ದು! ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳು ನಮ್ಮ ಶಾಲೆಗಳ ಲೈಬ್ರರಿಯಲ್ಲೂ ಸಿಗುತ್ತವೆ. 1980ರ ದಶಕದ ನಡುವಿನಿಂದ ನಿಮ್ಹಾನ್ಸ್ ತಂಡ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಯನ್ನು ಊರಲ್ಲೇ ನೋಡುವ ಪ್ರಯೋಗ ಮಾಡಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಅಧ್ಯಾಪಕರಾದ ನಮಗೆ ಇಷ್ಟವಾದ ಇನ್ನೊಂದು ವಿಚಾರ ಡಾ. ಜಸ್ವಂತ್ ಸಿಂಗ್ ನೇಕಿ ಅವರದು. ನಮ್ಮ ದೇಶದಲ್ಲಿ ಚಿಕಿತ್ಸಕ ಮತ್ತು ರೋಗಿಯ ಸಂಬಂಧಕ್ಕೆ ಗುರು-ಶಿಷ್ಯ ಸಂಬಂಧ ಮಾದರಿಯಾಗಬಹುದು ಎಂದು ಅವರು 1973ರಲ್ಲಿ ಬರೆದರು. ಓದಿದಾಗ ನಮಗೆ ಹೆಮ್ಮೆಯೂ ಆಯಿತು, ಕ್ಲಾಸಿನ ಎದುರು ಬೈದದ್ದು ನೆನಪಾಗಿ ನಾಚಿಕೆಯೂ ಆಯಿತು.

ಅಜ್ಜಿಯರೂ ಮಾಡಬಲ್ಲರು

ಇಷ್ಟೆಲ್ಲ ಆದರೂ ಚಿಕಿತ್ಸಕರು ಸಿಗುವುದು ದೊಡ್ಡ ಪೇಟೆಗಳಲ್ಲಿ. ಹಳ್ಳಿಯವರಿಗೆ? ಈ ಪ್ರಶ್ನೆಗೆ ಇಪ್ಪತ್ತೊಂದನೆಯ ಶತಮಾನದಲ್ಲಿ ಎರಡು ಕಡೆಯಿಂದ ಒಳ್ಳೆಯ ಉತ್ತರ ಬಂತು.

ಆಫ್ರಿಕಾದ ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಊರಿನ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಹೊರಗೆ ಒಂದು ಬೆಂಚಿನ ಮೇಲೆ ಕೂರಿಸಿದರು. ಕಷ್ಟದಲ್ಲಿರುವವರು ಬಂದು ಅಜ್ಜಿಯ ಪಕ್ಕ ಕೂತು ಮಾತಾಡುತ್ತಾರೆ. ಅಲ್ಲಿ ಖಿನ್ನತೆ ಎಂಬ ಇಂಗ್ಲಿಷ್ ಶಬ್ದ ಬಳಸುವುದಿಲ್ಲ. ಅವರ ಶೋನಾ ಭಾಷೆಯ ಕುಫುಂಗಿಸಿಸಾ ಎಂಬ ಶಬ್ದ, ಅಂದರೆ ಅತಿಯಾಗಿ ಯೋಚನೆ ಮಾಡುವುದು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಜ್ಜಿಯರ ಬೆಂಚಿನಿಂದ ಜನರಿಗೆ ಗುಣವಾದದ್ದು ಸ್ಪಷ್ಟವಾಗಿ ಕಂಡಿತು.

ಎರಡನೆಯದು ಗೋವಾದ್ದು. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚು ತೀವ್ರ ಖಿನ್ನತೆಯಿದ್ದ 495 ಜನರ ಮೇಲೆ ಪರೀಕ್ಷೆ ನಡೆಸಿದರು. ಚಿಕಿತ್ಸೆ ಕೊಟ್ಟವರು ಡಾಕ್ಟರರಲ್ಲ. ತರಬೇತಿ ಪಡೆದ, ಸ್ಥಳೀಯ ಭಾಷೆ ಬಲ್ಲ ಸಾಮಾನ್ಯರು. ಮೇಲೆ ಹೇಳಿದ ಸಣ್ಣ ಸಣ್ಣ ಕೆಲಸಗಳ ದಾರಿ, ಆರರಿಂದ ಎಂಟು ಭೇಟಿ. ಮೂರು ತಿಂಗಳ ಬಳಿಕ ಈ ಚಿಕಿತ್ಸೆ ಸಿಕ್ಕವರಲ್ಲಿ ನೂರಕ್ಕೆ 64 ಜನ ಚೇತರಿಸಿಕೊಂಡಿದ್ದರು, ಸಿಗದವರಲ್ಲಿ 39. ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಪದವಿಗಿಂತ ತರಬೇತಿ, ತಾಳ್ಮೆ, ಭಾಷೆ ಮುಖ್ಯ ಎಂದು ನಾವು ಇದನ್ನು ಓದಿಕೊಂಡೆವು.

ನಮ್ಮ ಹುಡುಗ, ನಮ್ಮ ಮಾತು

ಖಿನ್ನತೆ ಎಂಬುದು ಪುಸ್ತಕದ ಶಬ್ದ. ನಮ್ಮ ಮನೆಗಳಲ್ಲಿ ಯಾರೂ "ನನಗೆ ಖಿನ್ನತೆ" ಎನ್ನುವುದಿಲ್ಲ. "ಬೇಜಾರು" ಎನ್ನುತ್ತೇವೆ. ಮೈಸೂರು ಕಡೆ ಹೊತ್ತು ಹೋಗದಿದ್ದರೂ ಬೇಜಾರು, ನಮ್ಮಲ್ಲಿ ಮನಸ್ಸು ನೊಂದರೆ ಬೇಜಾರು. "ತಲೆಬಿಸಿ" ಎನ್ನುತ್ತೇವೆ, ತುಳುವಿನಲ್ಲಾದರೆ "ಮಂಡೆಬೆಚ್ಚ". ಇಂಥ ಮಾತಿನ ತೂಕ ಗೊತ್ತಿರುವವರೇ ಕೇಳಬೇಕು. ಗಡಿಯ ಈಚೆ ಇರುವ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಾಠ ಬೇಕೆಂದು ಹೋರಾಡುತ್ತಾ ಬಂದಿದ್ದೇವೆ. ಕನ್ನಡದಲ್ಲಿ ಅಳಲು ಜಾಗ ಬೇಕೆಂದು ಕೇಳಬೇಕು ಎಂಬುದು ನಮಗೆ ಹೊಳೆದೇ ಇರಲಿಲ್ಲ.

ಕೊನೆಗೆ ಆ ತಾಯಿಗೆ ಮಂಗಳೂರಿನಲ್ಲಿ ಕನ್ನಡ, ತುಳು ಎರಡೂ ಬಲ್ಲ ಒಬ್ಬ ಕೌನ್ಸೆಲರ್ ಸಿಕ್ಕಿದರು. ಪ್ರತಿ ಶನಿವಾರ ರೈಲಿನಲ್ಲಿ ಹೋಗಿ ಬಂದರು. ಮೊದಲ ಭೇಟಿಯಲ್ಲಿ ಹುಡುಗ ಮಾತೇ ಆಡಲಿಲ್ಲವಂತೆ, ಆಕೆಯೂ ಒತ್ತಾಯಿಸಲಿಲ್ಲವಂತೆ. ಎರಡನೆಯ ಸಲ ಅಜ್ಜ ತೀರಿಹೋದ ವಿಷಯ ಬಂತು. ಚೆಂಡೆ ಕಲಿಸಿದವರು ಆ ಅಜ್ಜ. ನಮಗೆ ಅದೂ ಗೊತ್ತಿರಲಿಲ್ಲ. ಮೂರನೆಯ ವಾರದ ಮನೆಗೆಲಸ, ಚೆಂಡೆಯ ಹೊದಿಕೆ ತೆಗೆದು ಒರೆಸಿಡುವುದು, ಬಾರಿಸಬೇಕಾಗಿಲ್ಲ. ಆಮೇಲೆ ಐದು ನಿಮಿಷ. ಚೇತರಿಕೆ ನೇರ ಗೆರೆಯ ಹಾಗೆ ಆಗಲಿಲ್ಲ. ನಡುವೆ ಒಂದು ತಿಂಗಳು ಮತ್ತೆ ಕುಸಿದ. ಆ ವರ್ಷದ ವಾರ್ಷಿಕೋತ್ಸವಕ್ಕೆ ಅವನು ಬರಲಿಲ್ಲ. ಹತ್ತನೆಯ ತರಗತಿಯಲ್ಲಿ ಬಂದ.

ಈಗ ನಮ್ಮ ಸ್ಟಾಫ್ ರೂಮಿನ ಗೋಡೆಯಲ್ಲಿ ಒಂದು ಚೀಟಿ ಇದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಮಗು ಮಂಕಾಗಿದ್ದರೆ ಅಥವಾ ಸುಮ್ಮಸುಮ್ಮನೆ ಸಿಡುಕುತ್ತಿದ್ದರೆ, ಇಷ್ಟದ ಆಟವನ್ನೇ ಬಿಟ್ಟರೆ, ನಿದ್ದೆ-ಊಟ ಏರುಪೇರಾದರೆ, ಪದೇ ಪದೇ ಹೊಟ್ಟೆನೋವು, ತಲೆನೋವು ಎಂದರೆ, ಬೈಯುವ ಮೊದಲು ಒಬ್ಬಂಟಿಯಾಗಿ ಕೂರಿಸಿ ಕೇಳಬೇಕು. ಸಾಯುವ ಮಾತು ಬಂದರೆ ನೇರವಾಗಿಯೇ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂಥ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಮನೆಯವರಿಗೆ ತಿಳಿಸಿ ಡಾಕ್ಟರ ಬಳಿಗೆ ಕರೆದೊಯ್ಯಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದ್ದರಿಂದ ಪೊಲೀಸು ಕೇಸಿಗೆ ಹೆದರಿ ಮುಚ್ಚಿಡಬೇಕಾಗಿಲ್ಲ.

ಚೀಟಿಯ ಕೆಳಗೆ ದಪ್ಪ ಅಕ್ಷರದಲ್ಲಿ 14416 ಎಂದು ಬರೆದಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಗಡಿಯ ಈಚೆಗಿನ ಶಾಲೆಗಳವರು ಫೋನು ಮಾಡಿದಾಗ ನಾಚದೆ, "ನಮಗೆ ಕನ್ನಡದಲ್ಲಿ ಮಾತಾಡುವವರು ಬೇಕು" ಎಂದು ಕೇಳಿ. ನಮ್ಮ ಶಾಲೆಯಲ್ಲಿ ಆ ಚೀಟಿಯನ್ನು ಬರೆದುಕೊಟ್ಟವನು ಯಾರೆಂದು ಹೇಳಬೇಕಾಗಿಲ್ಲ. ಅಕ್ಷರ ಈಗಲೂ ಸ್ವಲ್ಪ ವಾಲುತ್ತದೆ, ಒಂಬತ್ತನೆಯ ತರಗತಿಯಲ್ಲಿ ಅದಕ್ಕೂ ಬೈದಿದ್ದೆವು.